ಲೂಥರನ್ ಶಾಲೆಯ ಕ್ಲಾಸ್‌ರೂಮಿನಲ್ಲಿ ಒಂದು ವಾರ: ನಮ್ಮ ಕನ್ನಡದ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಲ್ವಾಕೀ ಹತ್ತಿರದ ಒಂದು ಲೂಥರನ್ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್‌ಗೆ ಸಹಾಯಕಿ. ನಮ್ಮ ಕೋಣೆಯಲ್ಲಿ ಎರಡನೇ ಮತ್ತು ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ನನ್ನ ಮಗಳೂ ಇದೇ ಕೋಣೆಯಲ್ಲಿ ಓದಿ ಈಗ ಆರನೇ ಕ್ಲಾಸಿಗೆ ಬಂದಿದ್ದಾಳೆ. ನಾವು ಕ್ರೈಸ್ತರಲ್ಲ, ಶಿವಮೊಗ್ಗ ಕಡೆಯ ಹಿಂದೂಗಳು. ಹಾಗಾಗಿ ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋಗಲಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಲಿ, ಚಿಕ್ಕ ಮಕ್ಕಳಿರುವವರು ನನ್ನನ್ನು ಹುಡುಕಿಕೊಂಡು ಬಂದು ಕೇಳುತ್ತಾರೆ. ತಟ್ಟೆ ಕೈಯಲ್ಲಿ ಹಿಡಿದುಕೊಂಡು ಅರ್ಧಂಬರ್ಧ ಹೇಳುವುದಕ್ಕಿಂತ ಇಲ್ಲಿ ಪೂರ್ತಿ ಬರೆದಿಡೋಣ ಅನ್ನಿಸಿತು.

ಲೂಥರನ್ ಶಾಲೆ ಅಂದರೆ ನಮ್ಮೂರಿನ ಕಾನ್ವೆಂಟ್ ಥರಾನಾ?

ಅಲ್ಲ. ನಮ್ಮಲ್ಲಿ ಕಾನ್ವೆಂಟ್ ಅಂದರೆ ಸಾಮಾನ್ಯವಾಗಿ ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸುವ ಶಾಲೆ. ಲೂಥರನ್ನರ ಮೂಲ ಜರ್ಮನಿಯ ಮಾರ್ಟಿನ್ ಲೂಥರ್. 1517ರಲ್ಲಿ ವಿಟ್ಟನ್‌ಬರ್ಗ್‌ನಲ್ಲಿ 95 ವಾದಗಳನ್ನು ಮುಂದಿಟ್ಟು ಕ್ಯಾಥೊಲಿಕ್ ಚರ್ಚನ್ನು ಪ್ರಶ್ನಿಸಿದವರು. ಇಲ್ಲಿ ಸಿಸ್ಟರ್‌ಗಳಿಲ್ಲ. ಟೀಚರ್‌ಗಳಿಗೆ ಮದುವೆ, ಮಕ್ಕಳು, ಮನೆ ಸಾಲ ಎಲ್ಲ ಇರುತ್ತೆ.

ಶಾಲೆಯನ್ನು ನಡೆಸುವುದು ಆ ಊರಿನ ಚರ್ಚಿನ ಸಭೆಯವರೇ. ಚರ್ಚ್ ಮತ್ತು ಶಾಲೆಗೆ ಎಷ್ಟೋ ಕಡೆ ಒಂದೇ ಗೋಡೆ. ನಮ್ಮಲ್ಲಂತೂ ಕ್ಲಾಸಿನಿಂದ ಹೊರಟು ಒಂದು ಉದ್ದದ ಕಾರಿಡಾರ್ ದಾಟಿದರೆ ಚರ್ಚೇ. ನರ್ಸರಿ ದಾಟಿದ ಮಕ್ಕಳಿಂದ ಎಂಟನೇ ಕ್ಲಾಸಿನವರೆಗೆ ಎಲ್ಲರೂ ಒಂದೇ ಕಟ್ಟಡದಲ್ಲಿ ಇರುತ್ತಾರೆ.

ಶಾಲೆಯ ಮೇಲಿನ ಈ ಪ್ರೀತಿ ಹೊಸದಲ್ಲ. ಲೂಥರ್ 1524ರಲ್ಲೇ ಜರ್ಮನಿಯ ನಗರಸಭೆಗಳಿಗೆ ಬಹಿರಂಗ ಪತ್ರ ಬರೆದು, ಶಾಲೆ ತೆರೆಯಿರಿ, ಹೆಣ್ಣುಮಕ್ಕಳಿಗೂ ಕಲಿಸಿ ಅಂತ ಒತ್ತಾಯಿಸಿದ್ದರು. 1839ರಲ್ಲಿ ಜರ್ಮನಿಯ ಸ್ಯಾಕ್ಸನಿಯಿಂದ ಹಡಗಿನಲ್ಲಿ ಬಂದು ಮಿಸೌರಿಯಲ್ಲಿ ನೆಲೆಸಿದವರು ಅದೇ ವರ್ಷ ಆಲ್ಟನ್‌ಬರ್ಗ್ ಎಂಬಲ್ಲಿ ಮರದ ದಿಮ್ಮಿಗಳ ಒಂದು ಗುಡಿಸಲಲ್ಲಿ ಪಾಠ ಶುರು ಮಾಡಿದರು. ಆ ಗುಡಿಸಲನ್ನು ಇವತ್ತಿಗೂ ಜೋಪಾನವಾಗಿ ಇಟ್ಟಿದ್ದಾರೆ. 1847ರಲ್ಲಿ ಹುಟ್ಟಿದ ಮಿಸೌರಿ ಸಿನಡ್, 1850ರ ವಿಸ್ಕಾನ್ಸಿನ್ ಸಿನಡ್, ಈ ಎರಡು ಸಂಘಟನೆಗಳಿಗೆ ಸೇರಿದ ಶಾಲೆಗಳೇ ನಮ್ಮ ಕಡೆ ಜಾಸ್ತಿ. ನಮ್ಮದು ಮಿಸೌರಿ ಸಿನಡ್‌ನದು.

ಒಂದು ವಾರ ಹೇಗಿರುತ್ತೆ? ದಿನವಿಡೀ ಪ್ರಾರ್ಥನೇನಾ?

ದಿನವಿಡೀ ಅಲ್ಲ. ಆದರೆ ದಿನ ಶುರುವಾಗುವುದು ಅದರಿಂದಲೇ. ಬೆಳಿಗ್ಗೆ ಹಾಜರಿ, ಮಧ್ಯಾಹ್ನದ ಊಟ ಯಾರ‍್ಯಾರಿಗೆ ಬೇಕು ಅನ್ನುವ ಲೆಕ್ಕ, ಎದೆಯ ಮೇಲೆ ಕೈಯಿಟ್ಟು ಅಮೆರಿಕದ ಧ್ವಜಕ್ಕೆ ಪ್ರತಿಜ್ಞೆ. ಆಮೇಲೆ ಸತ್ಯವೇದದ, ಅಂದರೆ ಬೈಬಲ್ಲಿನ, ಒಂದು ಕಥೆ ಮತ್ತು ಪ್ರಾರ್ಥನೆ.

ಈ ಪ್ರಾರ್ಥನೆಯ ಹೊತ್ತನ್ನು ನೀವು ಒಮ್ಮೆ ನೋಡಬೇಕು. ಇವತ್ತು ಯಾರಿಗಾಗಿ ಬೇಡಿಕೊಳ್ಳೋಣ ಅಂತ ಟೀಚರ್ ಕೇಳುತ್ತಾರೆ. ಕೈಗಳು ಮೇಲೇಳುತ್ತವೆ. ತಾತನ ಮಂಡಿ ಆಪರೇಷನ್, ಪಕ್ಕದ ಮನೆಯ ಕಳೆದುಹೋದ ನಾಯಿ, ಕೆಲಸ ಹೋದ ಅಪ್ಪ. ಒಬ್ಬ ಹುಡುಗ ವಾರವಿಡೀ ತನ್ನ ಮೀನಿಗಾಗಿ ಕೇಳಿದ. ಶುಕ್ರವಾರ ಮೀನು ಸತ್ತುಹೋಯಿತು ಅಂದಾಗ ಟೀಚರ್ ನಗಲಿಲ್ಲ, ಮಾತು ಮುಂದೂಡಲಿಲ್ಲ. ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ನನ್ನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಊರಲ್ಲಿ ನಮ್ಮ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಅವಳು ಕೈ ಎತ್ತಿ 'ನಮ್ಮ ಅಜ್ಜಿ' ಅಂದಳು, ಕನ್ನಡದಲ್ಲೇ. ಮಕ್ಕಳೆಲ್ಲ 'ಆಜೀ, ಆಜೀ' ಅಂತ ಹೇಳಿ ಅವರ ಕಣ್ಣಿಗಾಗಿ ಬೇಡಿಕೊಂಡರು. ರಾತ್ರಿ ಫೋನಿನಲ್ಲಿ ಇದನ್ನು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಉಳಿದದ್ದೆಲ್ಲ ಬೇರೆ ಶಾಲೆಗಳ ಹಾಗೆಯೇ. ಓದು, ಬರಹ, ಲೆಕ್ಕ, ವಿಜ್ಞಾನ, ಸಂಗೀತ, ಚಿತ್ರ, ಆಟ. ಸೋಮವಾರ ಹೊಸ ಸ್ಪೆಲ್ಲಿಂಗ್ ಪಟ್ಟಿ, ಬಾಯಿಪಾಠಕ್ಕೆ ಸತ್ಯವೇದದ ಒಂದು ಹೊಸ ವಚನ. ಬುಧವಾರ ಚಾಪೆಲ್, ಅಂದರೆ ಇಡೀ ಶಾಲೆ ಸೇರುವ ಚಿಕ್ಕ ಆರಾಧನೆ. ಗುರುವಾರ ವಾರದ ಕೆಲಸವೆಲ್ಲ ತುಂಬಿದ ಫೋಲ್ಡರ್ ಮನೆಗೆ ಬರುತ್ತೆ. ಅದನ್ನು ನೋಡಿ, ಸಹಿ ಹಾಕಿ ವಾಪಸ್ ಕಳಿಸಬೇಕು. ಶುಕ್ರವಾರ ಸ್ಪೆಲ್ಲಿಂಗ್ ಪರೀಕ್ಷೆ, ವಚನ ಒಪ್ಪಿಸುವುದು. ಚಳಿಗಾಲದಲ್ಲೂ ಮಕ್ಕಳನ್ನು ಹೊರಗೆ ಆಡಲು ಬಿಡುತ್ತಾರೆ. ಬೂಟು, ಹಿಮದ ಪ್ಯಾಂಟು, ಗ್ಲೌಸ್‌ಗೆ ಹೆಸರು ಬರೆದು ಕಳಿಸಿ. ಹದಿನೆಂಟು ಮಕ್ಕಳ ಮೂವತ್ತಾರು ಗ್ಲೌಸ್ ಜೋಡಿಸುವವಳು ನಾನೇ, ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ!

ಬಾಯಿಪಾಠ ಜಾಸ್ತಿ ಅಂತ ಕೇಳಿದ್ದೇವೆ. ಈ ಕಾಲದಲ್ಲಿ ಅದೆಲ್ಲ ಬೇಕಾ?

ಬೇಕು ಅಂತಲೇ ನನ್ನ ಅನಿಸಿಕೆ. ಮಗ್ಗಿ, ಕಾಗುಣಿತ, ಅಮ್ಮ ಹೇಳಿಕೊಟ್ಟ ದಾಸರ ಪದ, ಇವೆಲ್ಲ ನಮಗೆ ಬಾಯಿಪಾಠದಿಂದ ಬಂದವೇ ಅಲ್ವಾ?

ನಮ್ಮ ಟೀಚರ್ ಮಾಡುವ ಒಂದು ಕೆಲಸ ಹೇಳುತ್ತೇನೆ. ಸೋಮವಾರ ಬೋರ್ಡಿನ ಮೇಲೆ ವಚನವನ್ನು ಪೂರ್ತಿ ಬರೆಯುತ್ತಾರೆ. ಎಲ್ಲರೂ ಜೋರಾಗಿ ಓದುತ್ತಾರೆ. ಆಮೇಲೆ ಒಂದು ಮಗುವನ್ನು ಕರೆದು, ನಿನಗೆ ಇಷ್ಟವಾದ ಒಂದು ಪದ ಅಳಿಸು ಅನ್ನುತ್ತಾರೆ. ಮಗು ಅಳಿಸುತ್ತೆ. ಮತ್ತೆ ಎಲ್ಲರೂ ಓದುತ್ತಾರೆ, ಅಳಿಸಿದ ಪದವನ್ನೂ ಸೇರಿಸಿ. ಮಂಗಳವಾರ ಇನ್ನೆರಡು ಮೂರು ಪದ ಹೋಗುತ್ತವೆ. ಗುರುವಾರದ ಹೊತ್ತಿಗೆ ಬೋರ್ಡಿನ ಮೇಲೆ ಒಂದು 'ಮತ್ತು', ಒಂದು ಅಲ್ಪವಿರಾಮ, ಒರೆಸಿದ ಗುರುತು, ಅಷ್ಟೇ. ಮಕ್ಕಳು ಆ ಖಾಲಿ ಬೋರ್ಡನ್ನು ದಿಟ್ಟಿಸಿ ನೋಡುತ್ತಾ ಪೂರ್ತಿ ವಚನ ಹೇಳುತ್ತಾರೆ. ಕಣ್ಣು ಎಡದಿಂದ ಬಲಕ್ಕೆ ಓಡುತ್ತಲೇ ಇರುತ್ತೆ, ಅಕ್ಷರ ಅಲ್ಲೇ ಇದ್ದ ಹಾಗೆ.

ಇದರ ಜೊತೆಗೆ ಲೂಥರ್ 1529ರಲ್ಲಿ ಬರೆದ ಸ್ಮಾಲ್ ಕ್ಯಾಟಕಿಸಂ ಅನ್ನುವ ಚಿಕ್ಕ ಪುಸ್ತಕ ಇದೆ. ಹಳ್ಳಿಗಳ ಚರ್ಚುಗಳಿಗೆ ಹೋಗಿ ನೋಡಿದಾಗ ಜನರಿಗೆ ಧರ್ಮದ ಮೊದಲ ಪಾಠವೂ ಗೊತ್ತಿಲ್ಲ ಅಂತ ಲೂಥರ್‌ಗೆ ತುಂಬಾ ಬೇಸರವಾಯಿತು. ಮನೆಯ ಯಜಮಾನ ತನ್ನ ಮಕ್ಕಳಿಗೆ, ಆಳುಗಳಿಗೆ ಸುಲಭವಾಗಿ ಹೇಳಿಕೊಡುವಂತೆ ಬರೆದರು. ಹತ್ತು ಆಜ್ಞೆಗಳು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ (ಬ್ಯಾಪ್ಟಿಸಂ), ಪಾಪನಿವೇದನೆ, ಪ್ರಭುಭೋಜನ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುವ ವಿಧಿ), ಹೀಗೆ ಆರು ಭಾಗ. ಪುಸ್ತಕದ ತುಂಬ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: 'ಇದರ ಅರ್ಥವೇನು?'

ನನಗೆ ಈ ಶಾಲೆಯಲ್ಲಿ ಅತಿ ಇಷ್ಟವಾಗಿದ್ದು ಈ ಪ್ರಶ್ನೆಯೇ. ಒಪ್ಪಿಸಿದರೆ ಸಾಲದು, ಅರ್ಥ ಹೇಳಬೇಕು. 'ಸುಳ್ಳುಸಾಕ್ಷಿ ಹೇಳಬಾರದು' ಅನ್ನುವುದು ಇವರ ಲೆಕ್ಕದಲ್ಲಿ ಎಂಟನೇ ಆಜ್ಞೆ. ಅದಕ್ಕೆ ಲೂಥರ್ ಕೊಟ್ಟ ಅರ್ಥ ಸುಳ್ಳು ಹೇಳಬೇಡಿ ಅನ್ನುವಲ್ಲಿಗೆ ನಿಲ್ಲುವುದಿಲ್ಲ. ಬೇರೆಯವರ ಪರವಾಗಿ ಮಾತಾಡಬೇಕು, ಅವರು ಮಾಡಿದ್ದನ್ನು ಆದಷ್ಟು ಒಳ್ಳೆಯ ಅರ್ಥದಲ್ಲೇ ತೆಗೆದುಕೊಳ್ಳಬೇಕು ಅಂತ ಮುಂದುವರಿಯುತ್ತೆ. ಒಂದು ದಿನ ಆಟದ ಬಯಲಿನಿಂದ ಇಬ್ಬರು ಹುಡುಗಿಯರು ಅಳುತ್ತಾ ಬಂದರು. 'ಅವಳು ಬೇಕಂತಲೇ ನನ್ನ ತಳ್ಳಿದಳು!' ಟೀಚರ್ ಬೈಯಲಿಲ್ಲ. 'ಎಂಟನೇ ಆಜ್ಞೆಯ ಅರ್ಥ ಏನು, ಹೇಳು' ಅಂದರು. ಹುಡುಗಿ ಬಿಕ್ಕುತ್ತಲೇ ಹೇಳಿದಳು. 'ಹಾಗಾದರೆ ಅವಳು ತಳ್ಳಿದ್ದಕ್ಕೆ ಬೇರೆ ಏನಾದರೂ ಕಾರಣ ಇರಬಹುದಾ?' ಹುಡುಗಿ ಯೋಚಿಸಿದಳು. 'ಹಿಮದಲ್ಲಿ ಜಾರಿರಬಹುದು' ಅಂದಳು. ಇನ್ನೊಬ್ಬಳು ಜೋರಾಗಿ ತಲೆಯಾಡಿಸಿದಳು. ಐನೂರು ವರ್ಷ ಹಳೆಯ ಪುಸ್ತಕದ ಒಂದು ಸಾಲು ಏಳು ವರ್ಷದ ಮಕ್ಕಳ ಜಗಳ ಬಿಡಿಸಿತು.

ಚಾಪೆಲ್ ಅಂದರೆ ಏನು ಮಾಡ್ತಾರೆ?

ಬುಧವಾರ ಬೆಳಿಗ್ಗೆ ಇಡೀ ಶಾಲೆ ಚರ್ಚಿನಲ್ಲಿ ಸೇರುತ್ತೆ. ಸುಮಾರು ಅರ್ಧ ಗಂಟೆ. ಹಾಡು, ಓದು, ಪಾಸ್ಟರ್ (ಚರ್ಚಿನ ಗುರು) ಅಥವಾ ಒಬ್ಬ ಟೀಚರ್ ಕೊಡುವ ಚಿಕ್ಕ ಸಂದೇಶ, ಕಾಣಿಕೆ. ಅಪ್ಪ-ಅಮ್ಮಂದಿರೂ ಬಂದು ಕೂರಬಹುದು.

ಎಂಟನೇ ಕ್ಲಾಸಿನ ಪ್ರತಿ ಮಗುವಿಗೂ ಒಂದು ಪುಟಾಣಿಯ ಜೋಡಿ. ಆರಡಿ ಹುಡುಗ ಐದು ವರ್ಷದ ಮಗುವಿನ ಕೈ ಹಿಡಿದುಕೊಂಡು ಬಂದು, ಪಕ್ಕ ಕೂರಿಸಿ, ಹಾಡಿನ ಪುಸ್ತಕದಲ್ಲಿ ಸಾಲಿನ ಕೆಳಗೆ ಬೆರಳಿಟ್ಟು ತೋರಿಸುತ್ತಾನೆ. ಆ ಹುಡುಗ ಕಾರಿಡಾರಿನಲ್ಲಿ ಗೆಳೆಯರ ಜೊತೆ ಎಷ್ಟೇ ಗಲಾಟೆ ಮಾಡಲಿ, ಪುಟಾಣಿ ಪಕ್ಕದಲ್ಲಿದ್ದರೆ ತಾನೇ ತಾನಾಗಿ ಗಂಭೀರ ಆಗುತ್ತಾನೆ.

ಕಾಣಿಕೆ ಕಡ್ಡಾಯವಲ್ಲ. ಮಕ್ಕಳು ಚಿಲ್ಲರೆ ತರುತ್ತಾರೆ. ಆ ದುಡ್ಡು ಊರಿನ ಆಹಾರ ಹಂಚುವ ಕೇಂದ್ರಕ್ಕೋ ಬೇರೆ ದೇಶದ ಮಿಷನ್ ಕೆಲಸಕ್ಕೋ ಹೋಗುತ್ತೆ. ಯಾವುದಕ್ಕೆ ಅಂತ ಮೊದಲೇ ಹೇಳಿರುತ್ತಾರೆ. ಮಿಷನ್‌ಗೆ ಕೊಡಲು ನಿಮಗೆ ಮನಸ್ಸಿಲ್ಲದಿದ್ದರೆ ಆಹಾರ ಕೇಂದ್ರದ ಸರದಿ ಬಂದಾಗ ಕೊಡಿ. ನಾವು ಹಾಗೇ ಮಾಡುತ್ತೇವೆ.

ಎರಡು ಕ್ಲಾಸ್ ಒಂದೇ ಕೋಣೆಯಲ್ಲಿದ್ದರೆ ಓದು ಹಾಳಾಗಲ್ವಾ?

ಮೊದಲು ನನಗೂ ಹೆದರಿಕೆ ಇತ್ತು. ಚಿಕ್ಕ ಶಾಲೆಗಳಲ್ಲಿ ಇದು ಮಾಮೂಲು. ನಮ್ಮ ಕರ್ನಾಟಕದ ನಲಿ-ಕಲಿ ನೆನಪಿಸಿಕೊಳ್ಳಿ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲೂ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ಮೆಟ್ಟಿಲು ಹತ್ತುತ್ತಾರೆ. ಇಲ್ಲಿ ಟೀಚರ್ ಮೂರನೇ ಕ್ಲಾಸಿಗೆ ಭಾಗಾಕಾರ ಹೇಳಿಕೊಡುವಾಗ ಎರಡನೇ ಕ್ಲಾಸಿನವರು ನನ್ನ ಜೊತೆ ಓದುತ್ತಾರೆ. ಚುರುಕಾದ ಮಕ್ಕಳು ಕಿವಿ ಅತ್ತ ಕೊಟ್ಟು ಮುಂದಿನ ವರ್ಷದ ಪಾಠ ಕೇಳಿಸಿಕೊಳ್ಳುತ್ತಾರೆ. ಹಿಂದುಳಿದವರಿಗೆ ಹೋದ ವರ್ಷದ್ದು ಮತ್ತೊಮ್ಮೆ ಸಿಗುತ್ತೆ.

ಆದರೆ ಎಲ್ಲ ಟೀಚರ್‌ಗಳಿಗೂ ಇದು ಕೈಹಿಡಿಯುವುದಿಲ್ಲ. ಸೇರಿಸುವ ಮುಂಚೆ ಆ ಕೋಣೆಯಲ್ಲೇ ಒಂದು ಗಂಟೆ ಕೂತು ನೋಡಿ.

ನಾವು ಹಿಂದೂಗಳು. ಮಗುವನ್ನು ಮತಾಂತರ ಮಾಡಿಬಿಡ್ತಾರಾ?

ಇದನ್ನು ಎಲ್ಲರೂ ಕೊನೆಗೆ, ದನಿ ತಗ್ಗಿಸಿ ಕೇಳುತ್ತಾರೆ. ನಾನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ನಮ್ಮ ಶಾಲೆಯಲ್ಲಿ ಅಪ್ಪ-ಅಮ್ಮನನ್ನು ಕೇಳದೆ ಯಾವ ಮಗುವಿಗೂ ದೀಕ್ಷಾಸ್ನಾನ ಕೊಡುವುದಿಲ್ಲ. ಪ್ರಭುಭೋಜನ ಇರುವುದು ಕಲಿತು, ಒಪ್ಪಿ, ಸಭೆಗೆ ಸೇರಿದವರಿಗೆ ಮಾತ್ರ. ಯಾರೂ ನನ್ನ ಮಗಳ ಕೈಯಿಂದ ದಾರ ಬಿಚ್ಚಿಸಿಲ್ಲ, ಕುಂಕುಮ ಒರೆಸಿಲ್ಲ. ಆದರೆ ಯೇಸುವೇ ರಕ್ಷಕ ಅಂತ ಅವರು ಮನಸಾರೆ ನಂಬುತ್ತಾರೆ, ಮಕ್ಕಳೂ ನಂಬಲಿ ಅಂತ ಆಸೆ ಪಡುತ್ತಾರೆ, ಹಾಗೆಯೇ ಕಲಿಸುತ್ತಾರೆ. ಧರ್ಮ ಇಲ್ಲಿ ಒಂದು ಪಾಠ, ಮಾರ್ಕ್ಸ್ ಕಾರ್ಡಿನಲ್ಲಿ ಅದಕ್ಕೂ ಗ್ರೇಡ್ ಇದೆ. ಅದು ಬೇಡ ಅನ್ನುವವರಿಗೆ ಸರ್ಕಾರಿ ಶಾಲೆ ಒಳ್ಳೆಯದು. 1960ರ ದಶಕದ ಸುಪ್ರೀಂ ಕೋರ್ಟ್ ತೀರ್ಪುಗಳ ನಂತರ ಅಮೆರಿಕದ ಸರ್ಕಾರಿ ಶಾಲೆ ಮಕ್ಕಳಿಂದ ಪ್ರಾರ್ಥನೆ ಮಾಡಿಸುವ ಹಾಗಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮಿಲ್ವಾಕೀಯಲ್ಲಿ ಸರ್ಕಾರವೇ ಫೀಸ್ ಕಟ್ಟುವ ಚಾಯ್ಸ್ ಯೋಜನೆಯಡಿ ಮಗು ಸೇರಿದ್ದರೆ, ಅಪ್ಪ-ಅಮ್ಮ ಬರೆದು ಕೊಟ್ಟರೆ ಸಾಕು, ಶಾಲೆ ಆ ಮಗುವನ್ನು ಧಾರ್ಮಿಕ ಚಟುವಟಿಕೆಗೆ ಬಲವಂತ ಮಾಡುವಂತಿಲ್ಲ. ಕಾನೂನೇ ಹಾಗಿದೆ.

ನಮ್ಮ ಮನೆಯಲ್ಲಿ ನಾವು ಮಾಡಿದ್ದು ಇಷ್ಟೇ. ಸಂಜೆ ಮಗಳು ಹೇಳಿದ ಕಥೆಯನ್ನು ಪೂರ್ತಿ ಕೇಳಿದೆವು. ಅದನ್ನು ಹೀಗಳೆಯಲಿಲ್ಲ. ಆಮೇಲೆ ನಮ್ಮ ಪ್ರಹ್ಲಾದನ ಕಥೆ, ಪುಣ್ಯಕೋಟಿಯ ಕಥೆ ಹೇಳಿದೆವು. ಅಲ್ಲೂ ಅವಳು 'ಇದರ ಅರ್ಥವೇನಮ್ಮಾ?' ಅಂತ ಕೇಳತೊಡಗಿದಳು. ಉತ್ತರ ಹೇಳುವುದಕ್ಕೆ ನಾನೇ ಮತ್ತೆ ಓದಬೇಕಾಯಿತು. ಮನೆಯಲ್ಲಿ ಏನೂ ಹೇಳಿಕೊಡದೆ, ಶಾಲೆಯವರು ಎಲ್ಲ ಬದಲಾಯಿಸಿಬಿಟ್ಟರು ಅಂತ ದೂರುವುದು ಸರಿಯಲ್ಲ.

ವಿಜ್ಞಾನದ ಪಾಠ ಹೇಗೆ?

ಗಿಡ, ನೀರಿನ ಚಕ್ರ, ಅಯಸ್ಕಾಂತ, ಹವಾಮಾನ, ಇವೆಲ್ಲ ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಜಗತ್ತು ಹೇಗೆ ಹುಟ್ಟಿತು ಅನ್ನುವಲ್ಲಿ ಮಿಸೌರಿ ಮತ್ತು ವಿಸ್ಕಾನ್ಸಿನ್ ಸಿನಡ್ ಶಾಲೆಗಳು ಸತ್ಯವೇದದ ಸೃಷ್ಟಿಯ ಕಥೆಯನ್ನೇ ನಿಜವೆಂದು ಕಲಿಸುತ್ತವೆ. ನನಗೆ ಇದು ಒಪ್ಪಿಗೆಯಿಲ್ಲ. ಟೀಚರ್‌ಗೂ ಇದನ್ನು ನೇರವಾಗಿ ಹೇಳಿದ್ದೇನೆ, ಅವರೂ ತಮ್ಮ ನಂಬಿಕೆಯನ್ನು ನೇರವಾಗಿ ಹೇಳಿದ್ದಾರೆ. ವಿಕಾಸವಾದವನ್ನು ಮನೆಯಲ್ಲಿ ನಾವೇ ಹೇಳಿಕೊಟ್ಟೆವು, ಮಿಲ್ವಾಕೀಯ ಮ್ಯೂಸಿಯಮ್ಮಿನಲ್ಲಿ ಡೈನೋಸಾರ್ ಮೂಳೆಗಳ ಮುಂದೆ ನಿಂತುಕೊಂಡು. ಇದು ನಿಮಗೆ ದೊಡ್ಡ ವಿಷಯವಾದರೆ ಸೇರಿಸುವ ಮುಂಚೆಯೇ ಯೋಚಿಸಿ.

ಊಟದ ಗತಿ ಏನು? ನಾವು ಸಸ್ಯಾಹಾರಿಗಳು.

ಡಬ್ಬಿ ಕಳಿಸಿ. ಚಿತ್ರಾನ್ನ, ಚಪಾತಿ ರೋಲ್, ಮೊಸರನ್ನ ಎಲ್ಲ ನಡೆಯುತ್ತೆ. ಒಗ್ಗರಣೆ ವಾಸನೆಗೆ ಮೂಗು ಮುಚ್ಚಿದ ಒಬ್ಬ ಹುಡುಗ ಈಗ ನನ್ನ ಡಬ್ಬಿಯಲ್ಲಿ 'ಹಳದಿ ಅನ್ನ' ಇದೆಯಾ ಅಂತ ಇಣುಕಿ ನೋಡುತ್ತಾನೆ.

ಮೊದಲ ವರ್ಷ ನಾನು ಎಡವಿದ್ದು ಬೇರೆ ಕಡೆ. ಡಿಸೆಂಬರಿನಲ್ಲಿ ಮಕ್ಕಳಿಗೆ ಬಿಸಿ ಕೋಕೋ ಕೊಡುತ್ತಾರೆ, ಮೇಲೆ ಮಾರ್ಷ್‌ಮ್ಯಾಲೋ ತೇಲಿಸಿ. ಅದರಲ್ಲಿ ಜೆಲಟಿನ್ ಇರುತ್ತೆ, ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆದದ್ದು. ನನಗೆ ಗೊತ್ತೇ ಇರಲಿಲ್ಲ. ವರ್ಷದ ಶುರುವಿನಲ್ಲೇ ಟೀಚರ್‌ಗೆ ಒಂದು ಚೀಟಿ ಬರೆದುಕೊಡಿ: ಮಾಂಸ, ಮೀನು, ಮೊಟ್ಟೆ, ಜೆಲಟಿನ್, ಯಾವುದು ಬೇಡವೋ ಎಲ್ಲ. ಅವರು ಅದನ್ನು ತಮ್ಮ ಮೇಜಿನ ಒಳಬದಿಗೆ ಅಂಟಿಸಿಕೊಳ್ಳುತ್ತಾರೆ.

ಊಟಕ್ಕೆ ಮುಂಚೆ ಎಲ್ಲರೂ ಒಂದು ಚಿಕ್ಕ ಪ್ರಾರ್ಥನೆ ಹೇಳುತ್ತಾರೆ. ಯೇಸುವೇ ಬಾ, ನಮ್ಮ ಅತಿಥಿಯಾಗು ಅನ್ನುವ ಅರ್ಥದ್ದು, ಜರ್ಮನಿಯಿಂದ ಬಂದದ್ದು. ಅನ್ನವನ್ನು ಕಣ್ಣಿಗೊತ್ತಿಕೊಂಡು ಉಣ್ಣುವ ಮನೆಯವರಿಗೆ ಇದು ಅಪರಿಚಿತ ಅನ್ನಿಸಲಾರದು.

ಮನೆಯಲ್ಲಿ ಕನ್ನಡ ಮಾತಾಡಿದರೆ ಇಂಗ್ಲಿಷಿನಲ್ಲಿ ಹಿಂದೆ ಬೀಳ್ತಾರಾ?

ಇಲ್ಲ! ದಯವಿಟ್ಟು ಕನ್ನಡ ಬಿಡಬೇಡಿ. ಮನೆಮಾತಿನ ಬೆಲೆ ಲೂಥರನ್ ಶಾಲೆಗಳಿಗೆ ಚೆನ್ನಾಗಿ ಗೊತ್ತು. ಹಿಂದೆ ಈ ಶಾಲೆಗಳಲ್ಲಿ ಪಾಠ ನಡೆಯುತ್ತಿದ್ದದ್ದು ಜರ್ಮನ್ ಭಾಷೆಯಲ್ಲಿ. ಮೊದಲ ಮಹಾಯುದ್ಧದ ನಂತರ ಜರ್ಮನ್ ಮೇಲೆ ಜನರಿಗೆ ಸಿಟ್ಟು. ನೆಬ್ರಾಸ್ಕಾ ರಾಜ್ಯ 1919ರಲ್ಲಿ, ಎಂಟನೇ ಕ್ಲಾಸ್ ಮುಗಿಸುವ ಮುಂಚೆ ಮಕ್ಕಳಿಗೆ ಬೇರೆ ಭಾಷೆ ಕಲಿಸಬಾರದು ಅಂತ ಕಾನೂನು ತಂದಿತು. ಹ್ಯಾಂಪ್ಟನ್ ಎಂಬ ಊರಿನ ಲೂಥರನ್ ಶಾಲೆಯ ಮೇಷ್ಟ್ರು ರಾಬರ್ಟ್ ಮೇಯರ್ 1920ರ ಮೇ ತಿಂಗಳಲ್ಲಿ ಹತ್ತು ವರ್ಷದ ಹುಡುಗನಿಗೆ ಜರ್ಮನ್‌ನಲ್ಲಿ ಸತ್ಯವೇದದ ಕಥೆ ಓದಿಸುತ್ತಿದ್ದರು. ಕೇಸು ಬಿತ್ತು, 25 ಡಾಲರ್ ದಂಡ ಬಿತ್ತು. ಅವರು ದಂಡ ಕಟ್ಟಿ ಸುಮ್ಮನಾಗಲಿಲ್ಲ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೇಯರ್ ಪರ ತೀರ್ಪು ಕೊಟ್ಟಿತು. ಈ ದೇಶದಲ್ಲಿ ನಮ್ಮ ಮಕ್ಕಳು ಶನಿವಾರ ಕನ್ನಡ ಕಲಿ ತರಗತಿಗೆ ಹೋದಾಗಲೆಲ್ಲ ನನಗೆ ಆ ಹಳ್ಳಿ ಮೇಷ್ಟ್ರು ನೆನಪಾಗುತ್ತಾರೆ.

ನಮಗೂ ಈ ಪರಂಪರೆಗೂ ಒಂದು ಎಳೆ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಅನ್ನುವ ಇನ್ನೊಂದು ಪ್ರೊಟೆಸ್ಟೆಂಟ್ ಪಂಥದವರೂ ಸೇರಿದ್ದರು. 1843ರ 'ಮಂಗಳೂರ ಸಮಾಚಾರ' ಪತ್ರಿಕೆ, 1894ರ ಕಿಟೆಲ್ ನಿಘಂಟು ಎರಡೂ ಆ ಮಿಷನ್‌ನವರ ಕೈಯಿಂದ ಬಂದವು. ಒಮ್ಮೆ ಕಿಟೆಲ್ ನಿಘಂಟನ್ನು ಟೀಚರ್‌ಗೆ ತೋರಿಸಿದೆ. ಅವರು ನಮ್ಮ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿ, 'ಎಷ್ಟು ದುಂಡಗಿವೆ' ಅಂದರು. ಮಾರನೇ ದಿನ ಮಕ್ಕಳ ಹೆಸರುಗಳನ್ನೆಲ್ಲ ಕನ್ನಡದಲ್ಲಿ ಬರೆಸಿಕೊಂಡು ಗೋಡೆಗೆ ಹಾಕಿದರು.

ಫೀಸ್ ಎಷ್ಟು?

ಶಾಲೆಯಿಂದ ಶಾಲೆಗೆ ಬೇರೆ. ಚರ್ಚಿನ ಸದಸ್ಯರಿಗೆ ಒಂದು ದರ, ಉಳಿದವರಿಗೆ ಇನ್ನೊಂದು. ಮಿಲ್ವಾಕೀಯ ಚಾಯ್ಸ್ ಯೋಜನೆ 1990ರಲ್ಲಿ ಶುರುವಾಯಿತು, 1998ರಿಂದ ಧಾರ್ಮಿಕ ಶಾಲೆಗಳಿಗೂ ಸಿಕ್ಕಿತು. ಅದಕ್ಕೆ ಆದಾಯದ ಮಿತಿ ಇದೆ. ಶಾಲೆಯ ಆಫೀಸಿನಲ್ಲಿ ಕೇಳಿ, ಸಂಕೋಚ ಬೇಡ.

ನಮ್ಮ ಹಬ್ಬಗಳಿಗೆ ಜಾಗ ಇದೆಯಾ?

ಶಾಲೆಯ ವರ್ಷ ನಡೆಯುವುದು ಚರ್ಚಿನ ಪಂಚಾಂಗದ ಪ್ರಕಾರ. ಅಕ್ಟೋಬರ್ 31 ಇವರಿಗೆ ಸುಧಾರಣೆಯ ದಿನ, ಲೂಥರ್ ಆ 95 ವಾದಗಳನ್ನು ಮುಂದಿಟ್ಟ ನೆನಪಿಗೆ. ಕ್ರಿಸ್‌ಮಸ್‌ಗೆ ಮುಂಚೆ ನಾಲ್ಕು ವಾರ ಅಡ್ವೆಂಟ್, ವಾರಕ್ಕೊಂದರಂತೆ ಮೇಣದಬತ್ತಿ ಹಚ್ಚುತ್ತಾರೆ. ಜನವರಿಯಲ್ಲಿ ಲೂಥರನ್ ಶಾಲೆಗಳ ವಾರ, ಮಕ್ಕಳಿಗೆ ದಿನಕ್ಕೊಂದು ವೇಷ, ಆಟ. ದೀಪಾವಳಿಗೆ ಪೂಜೆ ಮಾಡಿಸಲು ಒಪ್ಪುವುದಿಲ್ಲ, ಅದನ್ನು ನಿರೀಕ್ಷಿಸಬೇಡಿ. ಆದರೆ ನಮ್ಮ ಟೀಚರ್ ಚಿತ್ರದ ಪಿರಿಯಡ್‌ನಲ್ಲಿ ರಂಗೋಲಿ ಹಾಕಿಸಲು ನನ್ನನ್ನು ಕರೆದರು. ಐದು ಚುಕ್ಕಿಯಿಂದ ಒಂದು ಚುಕ್ಕಿಯವರೆಗಿನ ಸುಲಭದ್ದು. ಮಗುವಿಗೆ ದೀಪಾವಳಿ ರಜೆ ಕೇಳಿದರೆ ಖುಷಿಯಿಂದಲೇ ಕೊಡುತ್ತಾರೆ.

ಎಂಟನೇ ಕ್ಲಾಸ್ ಆದ ಮೇಲೆ?

ಕೆಲವರು ಲೂಥರನ್ ಹೈಸ್ಕೂಲಿಗೆ, ಕೆಲವರು ಸರ್ಕಾರಿ ಹೈಸ್ಕೂಲಿಗೆ. ಏಳು-ಎಂಟರಲ್ಲಿ ಪಾಸ್ಟರ್ ಕ್ಯಾಟಕಿಸಂ ತರಗತಿ ತೆಗೆದುಕೊಳ್ಳುತ್ತಾರೆ. ಚರ್ಚಿನ ಮಕ್ಕಳಿಗೆ ಅದರ ಕೊನೆಯಲ್ಲಿ ದೃಢೀಕರಣ, ಅಂದರೆ ಎಲ್ಲರೆದುರು ತಮ್ಮ ನಂಬಿಕೆಯನ್ನು ಒಪ್ಪಿ ಸಭೆಗೆ ಸೇರುವುದು. ನಮ್ಮ ಮಕ್ಕಳು ಪಾಠಕ್ಕೆ ಕೂರುತ್ತಾರೆ, ದೃಢೀಕರಣಕ್ಕೆ ನಿಲ್ಲುವುದಿಲ್ಲ.

ಸೇರಿಸುವ ಮುಂಚೆ ಶಾಲೆ ನೋಡಲು ಯಾವ ದಿನ ಹೋಗೋದು?

ಬುಧವಾರ. ಮುಂಚೆಯೇ ಆಫೀಸಿಗೆ ಫೋನ್ ಮಾಡಿ, ಚಾಪೆಲ್ ಶುರುವಾಗುವ ಹದಿನೈದು ನಿಮಿಷ ಮುಂಚೆ ಹೋಗಿ. ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಹಾಡಲೇಬೇಕು, ಎದ್ದು ನಿಲ್ಲಲೇಬೇಕು ಅಂತ ಯಾರೂ ಹೇಳುವುದಿಲ್ಲ. ದೊಡ್ಡ ಮಕ್ಕಳು ಪುಟಾಣಿಗಳನ್ನು ಹೇಗೆ ಕರೆತರುತ್ತಾರೆ ನೋಡಿ. ಅಲ್ಲಿಂದ ಕ್ಲಾಸಿಗೆ ಹೋಗಿ ಬೋರ್ಡ್ ನೋಡಿ. ಬುಧವಾರದ ಹೊತ್ತಿಗೆ ವಚನದ ಅರ್ಧ ಪದಗಳು ಅಳಿಸಿಹೋಗಿರುತ್ತವೆ. ನಿಮ್ಮ ಮಗುವನ್ನೂ ಕರೆದುಕೊಂಡು ಹೋಗಿದ್ದರೆ, ಟೀಚರ್ ಡಸ್ಟರ್ ಅದರ ಕೈಗೇ ಕೊಡಬಹುದು.